ಬಾಲ ಹಿಡಿದವನು

ಬೆಳಕು ಹರಿಯುವ ಹೊತ್ತಿಗೆ ಕೊಯ್ಕಾಯ್ ದಿಬ್ಬದ ಮೇಲಿರುತ್ತಿದ್ದ. ಒಂದು ಕೈಯಲ್ಲಿ ಈಟಿ, ಇನ್ನೊಂದರಲ್ಲಿ ಆಂಟೆನಾ. ಸಿಂಹಿಣಿಯ ರೇಡಿಯೋ ಕೊರಳಪಟ್ಟಿಯ ಟಿಕ್ ಟಿಕ್ ಸದ್ದು ಯಾವ ದಿಕ್ಕಿನಲ್ಲಿ ಜೋರಾಗುತ್ತದೋ ಅತ್ತ ನಡೆಯುತ್ತಿದ್ದ. ಮಣ್ಣಿನ ಮೇಲಿನ ಹೆಜ್ಜೆ ನೋಡಿ, ಅವಳು ಮಲಗಿರುವ ಪೊದೆ ಯಾವುದೆಂದು ಗೊತ್ತುಮಾಡಿಕೊಂಡು, ದನ ಬಿಡುವಷ್ಟರಲ್ಲಿ ಕೆಳಗಿಳಿಯುತ್ತಿದ್ದ. ಮುಳ್ಳುಬೇಲಿಯ ದೊಡ್ಡಿಗಳ ಬಾಗಿಲಲ್ಲಿ ಕಾಯುತ್ತಿದ್ದ ದನಗಾಹಿಗಳಿಗೆ ಅವನು ಹೇಳಬೇಕಾದದ್ದು ಇಷ್ಟೇ: ಇವತ್ತು ಯಾವ ಕಡೆಗೆ ಹೋಗಬಾರದು.

"ಎಲ್ಲವ್ಳೋ ನಿನ್ ಕಿರಿ ಹೆಂಡ್ತಿ?" ಎಂದು ಅವರು ಕೇಳುತ್ತಿದ್ದರು.

"ಹಳ್ಳದ ಬಾಯಲ್ಲಿ ಮಲಗವ್ಳೆ. ಅತ್ತ ಹೋಗ್ಬೇಡಿ."

"ನಮ್ಮನೆಯವ್ಳು ಎಲ್ಲವ್ಳೆ ಅಂತ ನಂಗೇ ಗೊತ್ತಿರಲ್ಲ. ನೀನು ಅದು ಮಗ್ಗುಲು ಬದಲಾಯಿಸಿದ್ರೂ ಹೇಳ್ತೀಯಲ್ಲೋ!"

ಹೆಂಡತಿ ನಾಲೆಪೊ ಕೂಡ ಬಿಡುತ್ತಿರಲಿಲ್ಲ. "ನಾನೂ ಕೊರಳಿಗೆ ಒಂದು ಪಟ್ಟಿ ಕಟ್ಕೋತೀನಿ. ಆಗಲಾದ್ರೂ ನನ್ನ ಹುಡುಕ್ಕೊಂಡು ಬರ್ತೀರೇನೋ" ಎನ್ನುತ್ತಿದ್ದಳು.

ಕೀನ್ಯಾದ ದಕ್ಷಿಣದ ಈ ಬಯಲಿನಲ್ಲಿ ಕೊಯ್ಕಾಯ್ ಹುಡುಗನಾಗಿದ್ದಾಗ ಮಸಾಯಿ ತರುಣನಿಗೆ ಹೆಸರು ಬರುತ್ತಿದ್ದುದು ಸಿಂಹವನ್ನು ಕೊಂದರೆ. ಅವನಿಗೂ ಹಾಗೆಯೇ ಬಂದಿತ್ತು. ಅಂದು ಮೊದಲ ಈಟಿ ಎಸೆದವನು ಅವನೇ. ಈಟಿ ಪಕ್ಕೆಯಲ್ಲಿ ನಾಟಿದ್ದರೂ ಸಿಂಹ ಅವನ ಮೇಲೆರಗಿ ಭುಜಕ್ಕೆ ಬಾಯಿ ಹಾಕಿತು. ಜೊತೆಗಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ತರಾಯಾ ಮಾತ್ರ ಮುಂದೆ ನುಗ್ಗಿ ಸಿಂಹದ ಬಾಲವನ್ನು ಎರಡೂ ಕೈಯಲ್ಲಿ ಹಿಡಿದು, ಉಳಿದವರ ಈಟಿಗಳು ಬೀಳುವವರೆಗೂ ಬಿಡದೆ ಜಗ್ಗಿದ. ಪದ್ಧತಿಯಂತೆ ಕೇಸರ ಕೊಯ್ಕಾಯ್‌ಗೆ ಹೋಯಿತು, ಬಾಲ ತರಾಯಾನಿಗೆ.

ಇಬ್ಬರೂ ಒಂದೇ ಋತುವಿನಲ್ಲಿ ಸುನ್ನತಿಯಾದವರು, ಒಂದೇ ವಯೋಬಳಗದವರು. ಬಳಗದವನು ಮನೆಗೆ ಬಂದರೆ ಅವನಿಗೆ ಕೊಡದೆ ಹಾಲು ಕುಡಿಯುವಂತಿಲ್ಲ, ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ, ಅವನಿಗೆ ಸುಳ್ಳು ಹೇಳುವಂತಿಲ್ಲ. ಭುಜದ ಗಾಯ ಮಾಗಿದ ಮೇಲೆ ಕೊಯ್ಕಾಯ್ ತನ್ನ ಹಿಂಡಿನ ಅತ್ಯುತ್ತಮ ಕಡಸನ್ನು ತರಾಯಾನಿಗೆ ಕೊಟ್ಟ. ಅಲ್ಲಿಂದಾಚೆಗೆ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲಿಲ್ಲ. ದನ ಕೊಟ್ಟವನೂ ಪಡೆದವನೂ ಪರಸ್ಪರ 'ಪಾಕಿತೆಂಗ್' ಎಂದೇ ಕರೆದುಕೊಳ್ಳಬೇಕು.

ಮುಂದೆ ಸಿಂಹಗಳು ಕಡಿಮೆಯಾದವು. ವನ್ಯಜೀವಿ ಸಂರಕ್ಷಣೆಯವರು ಬಂದು, ಕೊಲ್ಲಲು ಬಲ್ಲವರೇ ಕಾಯಲೂ ಬಲ್ಲರು ಎಂದು ಕೊಯ್ಕಾಯ್‌ನನ್ನು ಕಾವಲಿಗೆ ತೆಗೆದುಕೊಂಡರು. ಬಯಲಿನಲ್ಲಿ ಕೊನೆಗೆ ಉಳಿದ ಹೆಣ್ಣು ಸಿಂಹಕ್ಕೆ ನಾಸಿಯೆಕು ಎಂದು ಹೆಸರಿಟ್ಟವನು ಅವನೇ. ಗಂಡುಗಳು ಬರುತ್ತಿದ್ದವು, ಹೋಗುತ್ತಿದ್ದವು. ನೆಲ ಹಿಡಿದು ನಿಂತವಳು ಅವಳೊಬ್ಬಳು. ಅವಳು ಮರಿ ಹಾಕಿದಾಗ ಹಿರಿಯರು ಅಕೇಶಿಯಾ ಮರದಡಿ ಸೇರಿ, ಇರಲಿ ಬಿಡೋಣವೇ ಎಂದು ಮಾತಾಡಿದರು. "ನಾನು ದಿನಾ ಜಾಗ ಹೇಳ್ತೀನಿ, ದನಕ್ಕೆ ಏನೂ ಆಗಲ್ಲ" ಎಂದ ಕೊಯ್ಕಾಯ್. ಅವನ ಮಾತಿಗೆ ಮೊದಲು ತಲೆಯಾಡಿಸಿದವನು ತರಾಯಾ.

ಆ ಬೇಸಿಗೆಯ ಒಂದು ಬೆಳಿಗ್ಗೆ ಕೊಯ್ಕಾಯ್ ಅವನಿಗೆ ಪಡುವಣ ಗುಡ್ಡದ ಕಡೆ ಹೋಗಲು ಹೇಳಿದ. ಸಿಂಹಿಣಿ ಮೂಡಣದಲ್ಲಿದ್ದಳು. ಆದರೆ ಮಧ್ಯಾಹ್ನ ಅವಳು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಗುಡ್ಡಕ್ಕೇ ಜಾಗ ಬದಲಾಯಿಸಿದಳು. ತರಾಯಾನ ಹಿಂಡಿನಲ್ಲಿ ತುಂಬಿದ ಗಬ್ಬದ ಹಸುವೊಂದು ನಡೆಯಲಾರದೆ ಹಿಂದೆ ಬಿದ್ದಿತ್ತು. ಅಂದು ಕೊಟ್ಟ ಕಡಸಿನ ಸಂತತಿಯಲ್ಲಿ ಉಳಿದಿದ್ದದ್ದು ಅದೊಂದೇ.

ಸುದ್ದಿ ತಿಳಿದು ಕೊಯ್ಕಾಯ್ ಓಡಿ ಹೋದಾಗ ತರಾಯಾ ಸಿಂಹಿಣಿ ಕೊಂದ ಹಸುವಿನ ಪಕ್ಕ ಕೂತು ನೊಣ ಓಡಿಸುತ್ತಿದ್ದ.

"ನೀನು ಹೇಳಿದ ಕಡೆಗೇ ಹೋದೆ, ಪಾಕಿತೆಂಗ್" ಎಂದ.

ಮರುದಿನ ಸಂಜೆ ಅವನು ಕೊಯ್ಕಾಯ್ ಮನೆಗೆ ಬಂದ. ದನಗಳು ಆಗಲೇ ದೊಡ್ಡಿ ಸೇರಿದ್ದವು. ನಾಲೆಪೊ ಕೊಟ್ಟ ಚಹಾ ಹಿಡಿದುಕೊಂಡು, ಮಳೆಯ ಮಾತಾಡಿದ, ಕರುಗಳ ಭೇದಿಯ ಮಾತಾಡಿದ. ಆಮೇಲೆ ಕೇಳಿದ:

"ಈಗ ಎಲ್ಲೈತೆ ಅದು?"

"ಬೆಳಿಗ್ಗೆ ಹೇಳ್ತೀನಿ ಬಿಡು. ಅಷ್ಟೊತ್ತಿಗೆ ಜಾಗ ಬದಲಾಯಿಸಿದ್ರೂ ಬದಲಾಯಿಸಿರ್ತಾಳೆ."

"ಬೆಳಿಗ್ಗೇದು ಬೆಳಿಗ್ಗೆ. ಈಗಿಂದು ಕೇಳಿದ್ನಪ್ಪ."

ಸಂಜೆಯ ಹೊತ್ತಿನಲ್ಲಿ ಸಿಂಹ ಎಲ್ಲಿದೆಯೆಂದು ಯಾವ ದನಗಾಹಿಯೂ ಕೇಳುವುದಿಲ್ಲ. ಒಲೆ ಊದುತ್ತಿದ್ದ ನಾಲೆಪೊ ಊದುವುದನ್ನು ನಿಲ್ಲಿಸಿದಳು.

"ಗೊತ್ತಿಲ್ಲ ಅನ್ನು, ಪಾಕಿತೆಂಗ್. ಎದ್ದು ಹೋಗ್ತೀನಿ" ಎಂದ ತರಾಯಾ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಒಂದೇ ಒಂದು ಮಾತು. ಕೊಯ್ಕಾಯ್ ಬಾಯಿ ತೆರೆದ. ಎದುರಿಗೆ ಲೋಟ ಹಿಡಿದಿದ್ದ ಆ ಎರಡು ಕೈಗಳನ್ನು ನೋಡಿದ.

"ಗುಡ್ಡದ ಬಿಳಿಕಲ್ಲಿನ ಹಳ್ಳ" ಎಂದ. "ಮೇಲ್ಗಡೆ ಕವಲೊಡೆಯುತ್ತಲ್ಲ, ಅಲ್ಲಿಯ ಪೊದೆ. ಮರಿಗಳೂ ಅಲ್ಲೇ ಅವೆ."

ತರಾಯಾ ಚಹಾ ಮುಗಿಸಿ, ನಾಲೆಪೊಗೆ ಒಳ್ಳೆಯದಾಗಲಿ ಎಂದು ಹೇಳಿ ಹೋದ.

"ಯಾಕ್ ಹೇಳಿದ್ರಿ?"

"ಕೇಳಿದ."

"ಕೇಳಿದ್ರೆ? ಈಗಲೇ ಹೋಗಿ ಅದನ್ನ ಎಬ್ಬಿಸಿ ಓಡಿಸಿ. ಏಳಿ!"

ಅವನು ಈಟಿ ತೆಗೆದುಕೊಂಡು ದೊಡ್ಡಿಯ ಬಾಗಿಲವರೆಗೂ ಹೋದ. ಅಡ್ಡ ಎಳೆದಿದ್ದ ಮುಳ್ಳುಕೊಂಬೆಯ ಮೇಲೆ ಕೈಯಿಟ್ಟ. ಹಳ್ಳದ ಹತ್ತಿರ ತರಾಯಾ ಎದುರಾದರೆ ಏನು ಹೇಳುವುದು? ಅಲ್ಲಿಗೆ ಹೋಗುವುದೆಂದರೆ ಅವನನ್ನು ಕೊಲೆಗಾರನೆಂದು ಬಾಯಿಬಿಟ್ಟು ಹೇಳಿದಂತೆಯೇ. ಏನೂ ಆಗಲಿಕ್ಕಿಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದನ್ನು ತಾನೇ ನಂಬಲಿಲ್ಲ. ಕೊಂಬೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದಿಟ್ಟು ಒಳಗೆ ಬಂದ.

ಬೆಳಿಗ್ಗೆ ದಿಬ್ಬದ ಮೇಲೆ ಸದ್ದು ಸಿಕ್ಕಿತು. ಎಂದಿಗಿಂತ ದುಪ್ಪಟ್ಟು ವೇಗವಾಗಿ ಬಡಿದುಕೊಳ್ಳುತ್ತಿತ್ತು. ಕೊರಳಪಟ್ಟಿ ಬಹಳ ಹೊತ್ತು ಅಲುಗದಿದ್ದರೆ ಹಾಗಾಗುತ್ತದೆ.

ಹಳ್ಳಕ್ಕೆ ಓಡಿದ. ತರಾಯಾ ತನ್ನದೇ ಕುರಿಯೊಂದನ್ನು ಕೊಯ್ದು ಹಾಕಿದ್ದ. ಟೊಮೆಟೊ ತೋಟಕ್ಕೆ ಹಾಕುವ ಕೀಟನಾಶಕದ ನೀಲಿ ಪುಡಿ ಮಾಂಸದ ಮೇಲೆ ಇನ್ನೂ ಕಾಣುತ್ತಿತ್ತು. ಕುರಿಯಿಂದ ಸ್ವಲ್ಪ ದೂರದಲ್ಲೇ ಸಿಂಹಿಣಿ ಮಗ್ಗುಲಾಗಿ ಬಿದ್ದಿದ್ದಳು, ಹಿಂಗಾಲು ನೆಲ ಕೆರೆದ ಗುರುತು ಆಳವಾಗಿತ್ತು. ಸುತ್ತ ರೆಕ್ಕೆ ಬಿಚ್ಚಿ ಸತ್ತ ರಣಹದ್ದುಗಳು, ಒಂದು ಕತ್ತೆಕಿರುಬ. ಬಂಡೆಗಳ ಸಂದಿನೊಳಗಿಂದ ಮರಿಗಳು ಕೂಗುತ್ತಿದ್ದವು.

ಅವನು ಕಚೇರಿಗೆ ಫೋನ್ ಮಾಡಿದ.

"ಯಾವ್ದು ಸತ್ತಿರೋದು? ಹೆಸರು ಹೇಳಿ" ಎಂದಳು ಅಲ್ಲಿಯ ಹುಡುಗಿ.

"ಆ ಹೆಣ್ಣು."

"ಹೆಸರು ಬೇಕಲ್ಲ, ಅಣ್ಣ."

ಸತ್ತವರ ಹೆಸರನ್ನು ಅವನ ಜನ ಬಾಯಲ್ಲಿ ತರುವುದಿಲ್ಲ. ಪ್ರಾಣಿಗೂ ಅದು ಅನ್ವಯಿಸುತ್ತದೆಯೇ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. ನಾಲಿಗೆ ಮಾತ್ರ ಏಳಲಿಲ್ಲ. "ಪಟ್ಟಿ ಕಟ್ಟಿದ್ದು ಒಂದೇ ಅಲ್ವೇನಮ್ಮ" ಎಂದು ಫೋನ್ ಇಟ್ಟ.

ಅಧಿಕಾರಿಗಳು ಬಂದರು, ಪೊಲೀಸರು ಬಂದರು. ವಿಷ ಇಟ್ಟವರು ಯಾರೆಂದು ಮೊದಲು ಅವನನ್ನೇ ಕೇಳಿದರು.

"ಗೊತ್ತಿಲ್ಲ" ಎಂದ ಕೊಯ್ಕಾಯ್.

ಆ ಸಂಜೆ ಬಾರದಿದ್ದ ಮಾತು ಈಗ ತಡವರಿಸದೆ ಬಂತು. ಬಳಗದವನನ್ನು ಹೊರಗಿನವರಿಗೆ ಹಿಡಿದುಕೊಡುವುದು ಅವನಿಂದಾಗುವ ಕೆಲಸವಾಗಿರಲಿಲ್ಲ.

ಮರಿಗಳು ಕೈಗೆಟುಕಲಿಲ್ಲ. ಜನ ಬಂಡೆಯ ಹತ್ತಿರ ಹೋದಷ್ಟೂ ಅವು ಸಂದಿನ ಆಳಕ್ಕೆ ಸರಿದವು. ಎಲ್ಲರೂ ಹೋದ ಮೇಲೆ ಕೊಯ್ಕಾಯ್ ಒಬ್ಬನೇ ಹಾಲಿನ ಬಟ್ಟಲಿಟ್ಟುಕೊಂಡು ಕೂತ. ಕೂಗು ಸಣ್ಣದಾಗುತ್ತಾ ಹೋಯಿತು. ಒಂದು ಮಧ್ಯಾಹ್ನ ನಿಂತಿತು. ಹಾಲಿನಲ್ಲಿ ಇರುವೆ ಬಿದ್ದಿದ್ದವು.

ಆಮೇಲೂ ಅವನು ಬೆಳಿಗ್ಗೆ ದಿಬ್ಬ ಹತ್ತಿದ. ಬೇರೆಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಆಂಟೆನಾ ಎತ್ತಿ ಹಿಡಿದು ಸುತ್ತ ತಿರುಗಿಸಿದ. ಬರೀ ಗಾಳಿಯ ಸದ್ದು. ದನ ಬಿಡುವ ಹೊತ್ತಿಗೆ ಕೆಳಗಿಳಿದಾಗ ಬಾಗಿಲಲ್ಲಿ ಯಾರೂ ಅವನಿಗಾಗಿ ಕಾದಿರಲಿಲ್ಲ. ಹಿಂಡುಗಳು ಆಗಲೇ ಹೊರಟು ಹೋಗಿದ್ದವು. ತರಾಯಾ ಒಬ್ಬ ಮಾತ್ರ ತನ್ನ ದನಗಳನ್ನು ತಡೆದು ನಿಲ್ಲಿಸಿಕೊಂಡಿದ್ದ.

"ಎಲ್ಲಿಗೆ ಹೊಡೀಲಿ, ಪಾಕಿತೆಂಗ್?"

ಎಂದಿನ ಪ್ರಶ್ನೆಯನ್ನೇ ಎಂದಿನಂತೆಯೇ ಕೇಳಿದ. ಅವನ ಕಣ್ಣು ಮಾತ್ರ ನೆಲದ ಮೇಲಿತ್ತು.

"ಎಲ್ಲಿಗಾದ್ರೂ ಹೊಡ್ಕೊಂಡು ಹೋಗು, ತರಾಯಾ" ಎಂದ ಕೊಯ್ಕಾಯ್. "ಎಲ್ಲೂ ಏನೂ ಇಲ್ಲ."

ಯೌವನದಿಂದ ಇಂದಿನವರೆಗೆ ಆ ಹೆಸರು ಹಿಡಿದು ಅವನು ಕರೆದಿರಲಿಲ್ಲ. ತರಾಯಾ ತಲೆಯೆತ್ತಿದ. ಅಷ್ಟರಲ್ಲಿ ಅವನ ದನಗಳು ತಾವಾಗಿಯೇ ಬಿಳಿಕಲ್ಲಿನ ಹಳ್ಳದ ಕಡೆ ತಿರುಗಿ ನಡೆಯತೊಡಗಿದ್ದವು.