ಹೆಂಡತಿಯ ಹೆಸರಿಲ್ಲದ ಎಂಟು ಹಾಡು

ನನ್ನ ಗಂಡನ ಹೊಸ ಆಲ್ಬಮ್ಮನ್ನು ನಾನು ಪೂರ್ತಿ ಕೇಳಿದ್ದು ಎರಡೇ ಸಲ. ಮೊದಲನೆಯ ಸಲ ಹಲ್ಲು ಕಡಿಯುತ್ತ ಕೇಳಿದೆ. ಸಿಟ್ಟಿನಲ್ಲಿ ಮಾಡಿದ ಸಾರಿಗೂ ಸಿಟ್ಟಿನಲ್ಲಿ ಕೇಳಿದ ಹಾಡಿಗೂ ರುಚಿ ಹತ್ತುವುದಿಲ್ಲ ಎಂಬುದು ತಿಳಿದದ್ದು ಎರಡನೆಯ ಸಲ ಕೇಳಿದಾಗ. ನಡುವೆ ಹದಿನಾಲ್ಕು ತಿಂಗಳು ಕಳೆದವು. ನಾನು ಅಷ್ಟು ಸುಲಭಕ್ಕೆ ಸೋಲುವ ಹೆಂಗಸಲ್ಲ.

ನರಗುಂದದಲ್ಲಿ ನಮ್ಮದು ಹೊಲಿಗೆ ಅಂಗಡಿ. ಅವರು ಮಷೀನು ತುಳಿಯುತ್ತಾರೆ, ನಾನು ಹುಕ್ಕು, ಗುಂಡಿ, ಸೀರೆಯ ಫಾಲು ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿಯುತ್ತೇನೆ. ಕ್ಯಾಸೆಟ್ಟಿನ ಕಾಲದಲ್ಲಿ ಅವರು ನಮ್ಮ ಕಡೆಯ ದೊಡ್ಡ ಹಾಡುಗಾರ. ತಾವೇ ಬರೆದು, ತಾವೇ ರಾಗ ಕೂಡಿಸಿ, ತಾವೇ ಹಾಡುತ್ತಿದ್ದರು. ಹಾಡು ಹುಟ್ಟುತ್ತಿದ್ದದ್ದು ಮಷೀನಿನ ಮೇಲೆಯೇ. ಕಾಲು ತುಳಿಯುವ ಲಯಕ್ಕೆ ಮಾತು ತಾನಾಗಿ ಬಂದು ಕೂಡುತ್ತಿತ್ತಂತೆ. ಲಂಗದ ಅಂಚು ಮಡಿಸುವಾಗ ನಿಧಾನದ ಹಾಡು, ಪಾಯಿಜಾಮದ ಉದ್ದ ಹೊಲಿಗೆ ಹಾಕುವಾಗ ಓಡುವ ಹಾಡು. ಆ ಹಾಡುಗಳು ರೋಣ, ನರಗುಂದ, ಗಜೇಂದ್ರಗಡದ ಚಹಾದಂಗಡಿಗಳಲ್ಲಿ, ಟೆಂಪೋಗಳಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕೂಗುತ್ತಿದ್ದವು. ಎಲ್ಲವೂ ಪ್ರೀತಿಯ ಹಾಡುಗಳೇ, ಒಂದೊಂದರಲ್ಲೂ ಒಬ್ಬೊಬ್ಬ ಹುಡುಗಿಯ ಹೆಸರು. ಪಲ್ಲವಿಯಲ್ಲಿ ಹೆಸರಿಲ್ಲದಿದ್ದರೆ ಅದು ಹಾಡೇ ಅಲ್ಲ ಎಂದು ಆಗ ಎಲ್ಲರೂ ತಿಳಿದಿದ್ದರು.

ಅವರ ಎಲ್ಲಕ್ಕಿಂತ ದೊಡ್ಡ ಹಾಡು ನಮ್ಮ ಮದುವೆಗೆ ಆರು ತಿಂಗಳ ಮೊದಲು ಬಂತು. ಅದರಲ್ಲಿದ್ದ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. ಅಂಥ ಹುಡುಗಿ ಯಾರೂ ಇರಲಿಲ್ಲ, ರಾಗಕ್ಕೆ ಮೂರಕ್ಷರ ಕಡಿಮೆ ಬಿದ್ದಿತ್ತು, ಸಿಕ್ಕ ಹೆಸರು ಹಾಕಿದೆ ಎಂದು ಅವರು ಇಂದಿಗೂ ಹೇಳುತ್ತಾರೆ. ನಾನು ನಂಬಿದ್ದೇನೆ. ಆದರೆ ನನ್ನ ಮದುವೆಯ ಚಪ್ಪರದಲ್ಲಿ, ನನ್ನ ತಲೆಯ ಮೇಲೆ ಅಕ್ಷತೆ ಬೀಳುವಾಗ, ಲೌಡ್‌ಸ್ಪೀಕರಿನಲ್ಲಿ ಮೊಳಗುತ್ತಿದ್ದದ್ದು ಆ ಇಲ್ಲದ ಹುಡುಗಿಯ ಹೆಸರು.

ನಮ್ಮಲ್ಲಿ ಮದುಮಕ್ಕಳು ಹೊಸ್ತಿಲು ದಾಟಿ ಒಳಗೆ ಬರುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೆಸರು ಕೇಳುತ್ತಾರೆ. ಸುಮ್ಮನೆ ಹೆಸರು ಹೇಳಿದರೆ ನಡೆಯುವುದಿಲ್ಲ. ಒಡಪು ಹಾಕಬೇಕು, ಅಂದರೆ ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ ಅದರ ಕೊನೆಗೆ ಹೆಸರು ಹೇಳಬೇಕು. ಅದೊಂದು ಸಲ ಹೇಳಿದರೆ ಮುಗಿಯಿತು. ಆಮೇಲೆ ಜನ್ಮವಿಡೀ ಗಂಡ ಹೆಂಡತಿಯನ್ನು 'ಏ, ಕೇಳಿಲ್ಲಿ' ಎನ್ನುವುದು, ಹೆಂಡತಿ ಗಂಡನನ್ನು 'ಅವರು' ಎನ್ನುವುದು. ನಾನು ಎಂಟು ದಿನ ಕಲಿತ ಒಡಪನ್ನು ಒಂದೇ ಉಸಿರಿಗೆ ಹೇಳಿ ಅವರ ಹೆಸರು ಕೊನೆಗೆ ಜಡಿದೆ. ಚಪ್ಪಾಳೆ ಬಿತ್ತು. ಅವರ ಸರದಿ ಬಂತು. ಊರಿಗೆಲ್ಲ ಹಾಡು ಕಟ್ಟಿ ಹಂಚಿದ ಮನುಷ್ಯ ಬಾಯಿ ಕಟ್ಟಿ ನಿಂತುಬಿಟ್ಟರು. ಬಾಸಿಂಗದ ಕೆಳಗೆ ಬೆವರು ಇಳಿಯುತ್ತಿತ್ತು.

"ಅಕಿ ಹೆಸರ ಮೂರ ತಾಲೂಕಿಗೆ ಕೇಳೂಹಂಗ ಹಾಡತೀಯಪ್ಪಾ, ಇಕಿ ಹೆಸರ ಹೇಳಾಕ ನಾಲಿಗಿ ಯಾಕ ಏಳವಲ್ದು?" ಎಂದು ನನ್ನ ಸೋದರತ್ತೆ ಕೇಳಿದಳು.

ಅವರು ನನ್ನ ಕಡೆ ಬೆರಳು ತೋರಿಸಿ, "ಇಕಿನ..." ಎಂದವರೇ ಆ ಹೆಂಗಸರ ತೋಳಿನ ಕೆಳಗೆ ನುಸುಳಿ ಒಳಗೆ ಓಡಿದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ನಗು ಮೂವತ್ತು ವರ್ಷ ನನ್ನ ಬೆನ್ನು ಬಿಡಲಿಲ್ಲ. ಯಾವಗಲ್ಲಿನ ನನ್ನ ತವರಿಗೆ ಹೋದರೆ ಅದೇ ಮಾತು, ಅಂಗಡಿಗೆ ಜಂಪರಿನ ಅಳತೆ ಕೊಡಲು ಬಂದವರದೂ ಅದೇ ಮಾತು. "ನಿಮ್ಮ ಹೆಸರಿನ ಹಾಡ ಯಾವಾಗ್ರಿ?" ಕ್ಯಾಸೆಟ್ಟುಗಳು ಹೋದವು, ಅಂಗಡಿಗಳು ಮುಚ್ಚಿದವು, ಅವರು ಹಾಡುವುದನ್ನೇ ನಿಲ್ಲಿಸಿದರು. ಆ ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ಬಾಯಿಯಲ್ಲಿ ನಾನು ಏನೇ ಹೇಳಲಿ, ಒಳಗೆ ಆಸೆ ಇತ್ತು. ಒಂದೇ ಒಂದು ಹಾಡಿನಲ್ಲಿ, ಒಂದೇ ಒಂದು ಸಲ ನನ್ನ ಹೆಸರು ಬರಲಿ ಎಂದು ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಹೋದ ವರ್ಷ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ರೋಣದ ಒಬ್ಬ ತರುಣ ಇವರು ಗುನುಗುವುದನ್ನು ಕೇಳಿ ಪ್ಯಾಂಟನ್ನೇ ಮರೆತ. ಅವನದು ರೋಣದಲ್ಲಿ ಒಂದು ಕೋಣೆ, ಗೋಡೆಗೆಲ್ಲ ತತ್ತಿಯ ಟ್ರೇ ಅಂಟಿಸಿ ರೆಕಾರ್ಡಿಂಗ್ ಸ್ಟುಡಿಯೋ ಮಾಡಿದ್ದ. "ಕಾಕಾ, ನೀವು ಹಾಡ್ರಿ, ಉಳಿದದ್ದು ನನಗ ಬಿಡ್ರಿ" ಎಂದ. ಇವರು ಒಂದು ತಿಂಗಳು ಮಷೀನಿನ ಮೇಲೆ ಕುಳಿತು ಎಂಟು ಹಾಡು ಕಟ್ಟಿದರು. ನಾನು ಹತ್ತಿರ ಹೋದರೆ ಗುನುಗು ನಿಲ್ಲಿಸಿ ಸೂಜಿಗೆ ದಾರ ಪೋಣಿಸುವ ನಾಟಕ ಮಾಡುತ್ತಿದ್ದರು. ನನಗೆ ಖಾತ್ರಿಯಾಯಿತು. ಹೆಸರು ಬರುತ್ತದೆ, ಅದಕ್ಕೇ ಮುಚ್ಚಿಡುತ್ತಿದ್ದಾರೆ ಎಂದು ಹಿಗ್ಗಿದೆ. ಓಣಿಯ ನಾಲ್ಕು ಹೆಂಗಸರಿಗೆ ಹೇಳಿಯೂ ಬಿಟ್ಟೆ. ಅಲ್ಲಿಯೇ ತಪ್ಪಿದ್ದು.

ಹಾಡುಗಳು ಮೊಬೈಲಿಗೆ ಬಂದ ದಿನ ಆ ನಾಲ್ವರೂ ಅಂಗಡಿಗೆ ಬಂದು ಕುಳಿತರು. ಚಹಾ ಮಾಡಿದೆ. ಮೊದಲನೆಯ ಹಾಡು ಮಷೀನಿನ ಪಟ್ಟಾ ಹರಿದದ್ದರ ಮೇಲೆ. ಎರಡನೆಯದು ಯಾವಗಲ್ಲಿನ ಬಸ್ಸು ತಪ್ಪಿದ್ದು. ಮೂರನೆಯದು ಊರಿನವರ ಸೊಂಟದ ಅಳತೆ ವರ್ಷ ವರ್ಷ ಹೇಗೆ ಏರುತ್ತದೆ ಎಂಬುದು. ಐದು ಮುಗಿಯಿತು, ಆರು ಮುಗಿಯಿತು. ಪ್ರತಿ ಹಾಡು ಶುರುವಾದಾಗ ಆ ನಾಲ್ವರು ನನ್ನ ಮುಖ ನೋಡುವುದು, ಮುಗಿದಾಗ ಚಹಾದ ಕಪ್ಪು ನೋಡುವುದು. ಎಂಟೂ ಮುಗಿದವು. ನನ್ನ ಹೆಸರು ಹಾಗಿರಲಿ, ಯಾವ ಹೆಂಗಸಿನ ಹೆಸರೂ ಇರಲಿಲ್ಲ.

"ರಾಗ ಚಲೋ ಅದಾವ ಬಿಡ್ರಿ" ಎಂದಳು ಒಬ್ಬಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ನಾಲ್ಕು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ತಾಟು ಇಡುತ್ತಿದ್ದೆ, ಸಪ್ಪಳ ಬರುವಂತೆ ಇಡುತ್ತಿದ್ದೆ. ಐದನೆಯ ದಿನ ಅವರೇ ಮಷೀನು ನಿಲ್ಲಿಸಿ, ಕನ್ನಡಕ ತೆಗೆದು ಹೇಳಿದರು.

"ನೋಡ, ಆಗ ಕ್ಯಾಸೆಟ್ ಇತ್ತು, ಅಂಗಡ್ಯಾಗ ಹಚ್ಚತಿದ್ರು. ಈಗ ಟ್ರ್ಯಾಕ್ಟರಿಗೆ ಆಳೆತ್ತರ ಸೌಂಡ್ ಬಾಕ್ಸ್ ಕಟ್ಟತಾರ. ಕಡ್ಲಿ ಹೇರಕೊಂಡು ಬಜಾರದಾಗ ಬರೂಮುಂದ ಡ್ರೈವರ್ ನಿನ್ನ ಹೆಸರ ಹಚ್ಚಿ ಹಾರ್ನ್ ಹೊಡೀತಾನ. ಮದವಿ ಮೆರವಣಿಗ್ಯಾಗ ಕುಡದ ಹುಡುಗೂರು ನಿನ್ನ ಹೆಸರ ಒದರಿ ಕುಣೀತಾರ. ನಿನಗ ಬೇಕೇನ?"

"ಆ ಹಾಡಿನಾಕಿ ಹೆಸರ ಒದರಲಿಲ್ಲೇನು? ಅಕಿಗೇನಾತು?" ಎಂದೆ.

ಅವರು ಕನ್ನಡಕವನ್ನು ಅಂಗಿಯ ಅಂಚಿಗೆ ಒರೆಸಿದರು. "ಆ ಹಾಡ ಬಂದ ವರ್ಷ ಇದ ಊರಾಗ ಆ ಹೆಸರಿನ ಒಬ್ಬಾಕಿ ಹುಡುಗಿ ಕಾಲೇಜ ಬಿಟ್ಲು. ಹುಡುಗೂರು ಕಾಡಿದ್ದಕ್ಕ. ಅವರಪ್ಪ ಬಂದು, ಇಲ್ಲೇ ನಿಂತು, ಕೈ ಮುಗದ ಹೋದ. ಬೈಲಿಲ್ಲ. ಬೈದಿದ್ರ ಮರೀತಿದ್ನೇನೋ."

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಹಾಡು ಕಟ್ಟುವವನಿಗೆ ನೆಪ ಕಟ್ಟುವುದು ಕಷ್ಟವೇ? ಮೂವತ್ತು ವರ್ಷ ಹೇಳದ ಕಥೆ ಇವತ್ತೇ ಯಾಕೆ ನೆನಪಾಯಿತು? ಮಾತು ಶುರು ಮಾಡಿದೆ, ಸಿಟ್ಟು ಬಿಡಲಿಲ್ಲ. ಆ ಹಾಡುಗಳನ್ನು ಮಾತ್ರ ಮತ್ತೆ ಹಚ್ಚಲಿಲ್ಲ.

ನಾನು ಹಚ್ಚದಿದ್ದರೇನು, ಊರು ಹಚ್ಚಿತು. ಕುಣಿತದ ಹಾಡುಗಳಲ್ಲ ಎಂದು ಮೊದಲು ಟ್ರ್ಯಾಕ್ಟರಿನವರು ಮೂಗು ಮುರಿದರು. ಆಮೇಲೆ ಸೊಂಟದ ಅಳತೆಯ ಹಾಡು ಹೇಗೋ ಅವರ ಪೆನ್‌ಡ್ರೈವಿಗೆ ಹೊಕ್ಕಿತು, ಅದರ ಬೆನ್ನಿಗೆ ಬಸ್ಸಿನ ಹಾಡು. ಹೊಲಕ್ಕೆ ಹೋಗುವ ಹೆಂಗಸರು ಟ್ರೇಲರಿನಲ್ಲಿ ಕುಳಿತು ಸೊಂಟದ ಹಾಡನ್ನು ಒಬ್ಬರಿಗೊಬ್ಬರು ತಿವಿಯುತ್ತ ಹಾಡುತ್ತಿದ್ದರು. ಈ ವರ್ಷ ಗಜೇಂದ್ರಗಡದಿಂದ ಕರೆ ಬಂತು. ಮೈದಾನದಲ್ಲಿ ಸಂಜೆ ನಾಲ್ಕಕ್ಕೆ ಹಾಡಿನ ಕಾರ್ಯಕ್ರಮ, ಹಳೆಯದೂ ಹೊಸದೂ ಹಾಡಬೇಕು ಎಂದು. ಇವರು ಹೊಸ ಅಂಗಿ ಹೊಲಿದುಕೊಂಡರು. ನಾನು ಬರುವುದಿಲ್ಲ ಎಂದೆ, ಎರಡು ಸಲ ಕರೆದ ಮೇಲೆ ಹೊರಟೆ.

ಅವರು ವೇದಿಕೆಯ ಹಿಂದೆ ಹೋದರು. ನಾನು ಹೆಂಗಸರ ಸಾಲಿನಲ್ಲಿ ಒಂದು ಖಾಲಿ ಕುರ್ಚಿ ಹಿಡಿದೆ. ಪಕ್ಕದಲ್ಲಿ ಐವತ್ತರ ಹತ್ತಿರದ ಒಬ್ಬ ಹೆಂಗಸು, ಕೈತುಂಬ ಹಸಿರು ಬಳೆ, ಮಡಿಲಲ್ಲಿ ಚುರಮುರಿಯ ಪೊಟ್ಟಣ. ಕೇಳದೆಯೇ ನನ್ನ ಅಂಗೈಗೆ ಒಂದು ಮುಷ್ಟಿ ಸುರಿದಳು. ಹತ್ತಿರದ ಹಳ್ಳಿ ಪುರ್ತಗೇರಿಯಿಂದ ಮನೆಯ ಟ್ರ್ಯಾಕ್ಟರಿನಲ್ಲೇ ಬಂದಿದ್ದಳು. ತವರು ನರಗುಂದ ಎಂದಾಗ ನನಗೆ ಖುಷಿಯಾಗಿ ಹೆಸರು ಕೇಳಿದೆ.

ಅವಳು ಹೇಳಿದಳು. ಅದೇ ಮೂರಕ್ಷರ.

ಬಾಯಿಗೆ ಒಯ್ದ ಚುರಮುರಿಯನ್ನು ಮತ್ತೆ ಅಂಗೈಗೆ ಇಳಿಸಿದೆ. ನಾನು ಯಾರೆಂದು ಹೇಳಲಿಲ್ಲ. "ಆ ಹಾಡಿನಾಗಿನ ಹೆಸರಲ್ರಿ" ಎಂದಷ್ಟೇ ಅಂದೆ.

"ಹೌದ್ರಿ, ನನ್ನ ಕರ್ಮ!" ಎಂದು ಅವಳು ನಕ್ಕಳು. "ಬಸ್ ಹತ್ತಿದ್ರ ಕಂಡಕ್ಟರ್ ಹಾಡಾಂವ, ಇಳದ್ರ ಪಾನಂಗಡಿಯಾಂವ ಹಾಡಾಂವ. ಕಾಲೇಜ ಬಿಟ್ಟೆ. ನಮ್ಮಪ್ಪ ಆ ಹಾಡಿನಾಂವನ ಅಂಗಡಿಗೂ ಹೋಗಿ ಬಂದ. ಮನ್ಯಾಗ ಮೂರು ತಿಂಗಳ ಅತ್ತೆ. ಇನ್ನ ಲಗ್ನದ ದಿನ ಕೇಳ್ರಿ. ಹೊಸ್ತಿಲದಾಗ ಒಡಪ ಹಾಕಂದ್ರ ನಮ್ಮ ಮಾಲಕರು, ನನಗ ಭಾಳ ಖುಷಿ ಆಗತೈತಿ ಅಂತ ತಿಳದು, ಅದ ಹಾಡಿನ ಸಾಲ ಹಾಕಿ ಹೆಸರ ಹೇಳಿದ್ರು! ನಾ ಅಲ್ಲೇ ಹೋ ಅಂತ ಅಳಾಕತ್ತೆ. ಅವರಿಗೇನ ಗೊತ್ರಿ ಪಾಪ. ಈಗ ನೆನಸಿಕೊಂಡ್ರ ನಗಿ ಬರತೈತಿ."

ಇಬ್ಬರೂ ನಕ್ಕೆವು. ನನ್ನ ನಗು ನಡುವೆಯೇ ನಿಂತಿತು. ನನ್ನ ಮದುವೆಯ ಚಪ್ಪರದಲ್ಲಿ ಮೊಳಗಿದ ಹೆಸರಿಗೆ ನೊಂದವಳು ನಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದೆ.

"ಹಂಗಾದ್ರ ಈ ಕಾರ್ಯಕ್ರಮಕ್ಕ ಯಾಕ ಬಂದ್ರಿ?" ಎಂದೆ.

"ಅಂವ ಮತ್ತ ಹಾಡ್ಯಾನ ಅಂತ ಗೊತ್ತಾದಾಗ ಎದಿ ಧಸಕ್ ಅಂತ್ರಿ. ಈಗ ಯಾವ ಹುಡುಗಿ ಪಾಳಿ ಬಂತೋ ಅಂತ ಟ್ರ್ಯಾಕ್ಟರಿನಾಗ ಕುಂತು ಎಂಟೂ ಹಾಡ ಕೇಳಿದೆ. ಒಂದ ಹೆಸರಿಲ್ಲ. ನಮ್ಮಪ್ಪ ಹೋಗಿದ್ದನ್ನ ಮನಶ್ಯಾ ಮರತಿಲ್ಲ ಅನ್ನಿಸ್ತು. ಹಂಗ ಬಂದೆ."

ಅಷ್ಟರಲ್ಲಿ ಹಾಡು ಶುರುವಾಯಿತು. ನಾಲ್ಕು ಹೊಸ ಹಾಡು ಆದ ಮೇಲೆ ಹಿಂದಿನ ಸಾಲುಗಳಿಂದ ಆ ಹಳೆಯ ಹಾಡಿಗಾಗಿ ಕೂಗು ಎದ್ದಿತು. ಇವರು ಕೈ ಮುಗಿದು, "ಅದೊಂದ ಬಿಟ್ಟು ಯಾವುದನ್ನಾದ್ರೂ ಕೇಳ್ರಿ, ಹಾಡತೇನಿ" ಎಂದರು. ಸಿಳ್ಳೆ, ಗದ್ದಲ. ನಿರೂಪಣೆ ಮಾಡುತ್ತಿದ್ದವನು ಚುರುಕು ಮನುಷ್ಯ, ನಾವಿಬ್ಬರೂ ಬಂದಿಳಿದಾಗ ನನ್ನನ್ನು ಕಂಡಿದ್ದ, ಗದ್ದಲ ತಣಿಸಲು ನನ್ನತ್ತ ಕೈ ಮಾಡಿದ. "ಕಾಕಾರ ಮನಿಯವರು ಇಲ್ಲೇ ಕುಂತಾರ. ಊರ ಹುಡುಗ್ಯಾರ ಹೆಸರೆಲ್ಲ ಹಾಡಿದ್ರಿ ಕಾಕಾ, ಈಗ ಒಡಪ ಹಾಕಿ ಕಾಕುನ ಹೆಸರ ಹೇಳ್ರಿ, ಇಲ್ಲಂದ್ರ ಬಿಡಂಗಿಲ್ಲ!"

ಮೈದಾನವೆಲ್ಲ "ಹೇಳ್ರಿ, ಹೇಳ್ರಿ" ಎಂದು ಒದರಿತು. ಪುರ್ತಗೇರಿಯವಳು ನನ್ನ ಕಡೆ ತಿರುಗಿ, "ಅಯ್ಯ, ನೀವ ಏನ್ರಿ!" ಎಂದು ಬಾಯಿಗೆ ಸೆರಗು ಹಚ್ಚಿದಳು.

ಈ ಸಲ ಇವರು ಓಡಲಿಲ್ಲ. ಮೈಕು ಹತ್ತಿರ ತಂದರು.

"ಗುಡ್ಡದ ಮ್ಯಾಲ ಗಾಳಿ ಪಂಕಾ ತಿರಗತಾವ ಗರಗರಾ,
ಮೂವತ್ತ ವರ್ಷ ಬೈಕೋತ ಸಂಸಾರ ನಡಿಸ್ಯಾಳ ಸರಸರಾ..."

ಮುಂದಿನದು ಹೆಸರು. ಬಾಯಿ ತೆರೆದಿತ್ತು. ಅವರು ನನ್ನನ್ನು ನೋಡಿದರು. ಹೇಳಿಯೇ ಬಿಡುತ್ತಿದ್ದರು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಮೂವತ್ತು ವರ್ಷ ನಾನು ಕಾದ ಗಳಿಗೆ ಅದು, ಅದೂ ಒಂದು ಮೈದಾನದ ಜನರ ಎದುರು. ಎಷ್ಟೋ ಮೊಬೈಲುಗಳು ಮೇಲೆದ್ದು ರೆಕಾರ್ಡು ಮಾಡುತ್ತಿದ್ದವು. ನನ್ನ ಪಕ್ಕದವಳ ಬಳೆಗಳ ಸದ್ದು ನಿಂತಿತ್ತು.

ನಾನು ಕೈ ಅಲ್ಲಾಡಿಸಿದೆ. ಬ್ಯಾಡ.

ಇವರು ಬಾಯಿ ಮುಚ್ಚಿ, ಜನರತ್ತ ತಿರುಗಿ, "ಹೇಳಬ್ಯಾಡಂತ್ರೀ, ಮನ್ಯಾಗ ಯಜಮಾನ್ಕಿ ಅವರದು" ಎಂದರು. ಜನ ಬಿದ್ದು ಬಿದ್ದು ನಕ್ಕರು. ಪುರ್ತಗೇರಿಯವಳು ಉಳಿದ ಚುರಮುರಿಯನ್ನೆಲ್ಲ ಪೊಟ್ಟಣ ಸಮೇತ ನನ್ನ ಮಡಿಲಿಗೆ ಹಾಕಿದಳು. ರೋಣದ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ನಾನೂ ಅವರೂ ಅದನ್ನೇ ತಿಂದೆವು. ಅವಳು ಯಾರೆಂದು ಹೇಳಿದೆ. ಅವರು ಕಿಟಕಿಯ ಕಡೆ ಮುಖ ಮಾಡಿದರು. ಆಮೇಲೆ, "ಆರಾಮ ಅದಾಳಲ್ಲ?" ಎಂದು ಕೇಳಿದರು. ಆರಾಮ ಇದ್ದಾಳೆ, ನನಗಿಂತ ಜೋರು ನಗುತ್ತಾಳೆ ಎಂದೆ.

ಮರುದಿನ ಮುಂಜಾನೆ ಅಂಗಡಿ ತೆರೆದು, ಒಂದು ಸೀರೆಗೆ ಫಾಲು ಹಚ್ಚುತ್ತ ಮೊಬೈಲಿನಲ್ಲಿ ಆ ಎಂಟು ಹಾಡು ಹಚ್ಚಿದೆ. ಹಾರ್ಮೋನಿಯಮ್ಮಿನ ಏರು ಶ್ರುತಿಯ ಮನೆಯಲ್ಲಿ ಕೂಗಿ ಹಾಡುತ್ತಿದ್ದ ಮನುಷ್ಯ ಈಗ ಎರಡು ಮನೆ ಕೆಳಗೆ, ಎದುರಿಗೆ ಕುಳಿತು ಮಾತಾಡಿದಂತೆ ಹಾಡಿದ್ದಾರೆ. ಮೇಲಿನ ಸ್ವರಕ್ಕೆ ಏರುವಲ್ಲಿ ಒಮ್ಮೊಮ್ಮೆ ದನಿ ಒಡೆಯುತ್ತದೆ, ಆ ತರುಣ ಅದನ್ನು ತಿದ್ದದೆ ಬಿಟ್ಟಿದ್ದಾನೆ, ಬುದ್ಧಿವಂತ. ಬಸ್ಸಿನ ಹಾಡು ಸ್ವಲ್ಪ ಉದ್ದವಾಯಿತು, ಎರಡು ನುಡಿ ಕತ್ತರಿಸಬಹುದಿತ್ತು. ಆರನೆಯ ಹಾಡಿನಲ್ಲಿ ಕತ್ತರಿ ಕೈಯಲ್ಲೇ ಇದ್ದರೂ ಹಲ್ಲಿನಿಂದ ದಾರ ಕಡಿಯುವ ಒಬ್ಬ ಹೆಂಗಸು ಬರುತ್ತಾಳೆ. ಮೊದಲ ಸಲ ಅವಳು ನನ್ನ ಕಿವಿಗೆ ಬಿದ್ದಿರಲೇ ಇಲ್ಲ, ನಾನು ಹೆಸರು ಹುಡುಕುತ್ತಿದ್ದೆ. ಅವಳ ಮೇಲೆ ಆ ಹಾಡಿನಲ್ಲಿ ಎಷ್ಟು ಪ್ರೀತಿ ಇದೆ ಎಂಬುದನ್ನು ಕೇಳುತ್ತ ಕೇಳುತ್ತ ನನ್ನ ಕಣ್ಣು ಮಂಜಾಗಿ ಹೊಲಿಗೆ ಎರಡು ಕಡೆ ಸೊಟ್ಟಾಯಿತು.

ಮಷೀನಿನ ಸಪ್ಪಳ ನಿಂತಿತು. ಅಂಗಡಿಯಲ್ಲಿ ನಾವಿಬ್ಬರೇ. ಒಂದು ಕೈಯಲ್ಲಿ ಬಟ್ಟೆ ಹಿಡಿದು, ನನ್ನ ಕಡೆ ನೋಡದೆ, ಅವರು ನನ್ನ ಹೆಸರು ಹಿಡಿದು ಕರೆದರು. ಒಡಪಿಲ್ಲ, ರಾಗವಿಲ್ಲ.

"ಕತ್ರಿ ಕೊಡ."

"ಓ" ಎಂದೆ, ದಿನಾ ಹಾಗೆಯೇ ಕರೆಸಿಕೊಳ್ಳುವವಳಂತೆ, ಮತ್ತು ಎದ್ದು ಹೋಗಿ ಕತ್ತರಿ ಕೊಟ್ಟೆ.