ಮೊಮ್ಮಗಳ ಕೈಯಿಂದಲೇ ಆಗಬೇಕು

ಮುದ್ದೇಬಿಹಾಳದಲ್ಲಿ ಬಸ್ಸಿಳಿದು ಮನೆಯ ಕಟ್ಟೆ ಏರುವ ಮೊದಲೇ ಆಯಿಯ ಪ್ರಶ್ನೆ ಬರುತ್ತಿತ್ತು. ಆಯಿ ಎಂದರೆ ನನ್ನ ಅಪ್ಪನ ತಾಯಿ.

"ಏನವ್ವ, ಕಲಿಯೋದು ಮುಗೀತೇನ?"

"ಇನ್ನೂ ಇಲ್ಲ ಆಯಿ."

"ಮತ್ತ ಈಗ ಯಾವ ಸಾಲಿ?"

ಡಾಕ್ಟರಾಗಲು ಎಷ್ಟು ಓದಬೇಕು ಎಂಬುದನ್ನು ಅವಳಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಪಿಯುಸಿ ಮುಗಿಯಿತು, ಪ್ರವೇಶ ಪರೀಕ್ಷೆಗೆ ಎರಡು ಸಲ ಕೂತದ್ದಾಯಿತು, ಹೇಗೋ ಸೀಟೂ ಸಿಕ್ಕಿತು. ಇನ್ನು ನಾಲ್ಕೂವರೆ ವರ್ಷ ಓದು, ಆಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿತ. ಅಲ್ಲಿಗೆ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳಬಹುದು, ಅಷ್ಟೇ.

ಆಯಿಯ ಅವಸರಕ್ಕೆ ಕಾರಣವಿತ್ತು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಜೋಳದಲ್ಲಿನ ಹರಳು ಕಾಣದೆ, ರೊಟ್ಟಿಯಲ್ಲಿ ನಮ್ಮ ಹಲ್ಲಿಗೆ ಸಿಗುತ್ತಿತ್ತು. ಆಪರೇಷನ್ ಮಾಡಿಸೋಣ ಎಂದು ಅಪ್ಪ ಹೊರಡಿಸಿದಾಗಲೆಲ್ಲ ಅವಳದು ಒಂದೇ ಮಾತು.

"ಮನ್ಯಾಗ ಡಾಕ್ಟರ್ ಇಟ್ಕೊಂಡು ಮಂದಿ ಕೈಯಾಗ ಕಣ್ಣು ಕೊಡ್ಲೇನು?"

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಆಯಿಗೆ ಹಿತ್ತಲ ಗಿಡ ಬಿಟ್ಟು ಬೇರೆ ಮದ್ದೇ ಬೇಡವಾಗಿತ್ತು.

ಒಮ್ಮೆ ಕಾದ ಹಂಚು ಕಾಣದೆ ಅಂಗೈ ಸುಟ್ಟುಕೊಂಡಳು. ಅವತ್ತು ಬರ್ನಾಲ್ ಹಚ್ಚುತ್ತ ನಿಜ ಹೇಳಿಬಿಟ್ಟೆ. ಎಂಬಿಬಿಎಸ್ ಮುಗಿದರೂ ಕಣ್ಣಿನ ಆಪರೇಷನ್ ಮಾಡಲು ಬರುವುದಿಲ್ಲ, ಅದಕ್ಕೆ ಮತ್ತೊಂದು ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷ ಓದು ಎಂದೆ.

"ಹಂಗಾದ್ರ ಅಷ್ಟು ದಿನ ಕಾಯ್ತೇನಿ."

"ಅಷ್ಟರಾಗ ಕಣ್ಣು ಹೋಗ್ತಾವ ಆಯಿ."

"ಹೋದ್ರ ಹೋಗ್ಲಿ. ನಿನ್ನ ದಾರಿ ನೋಡ್ಕೋತ ಹೋದುವು ಅಂತಾರ ಮಂದಿ."

ಸಿಟ್ಟು ನೆತ್ತಿಗೇರಿತು. ನನಗೆ ಕಣ್ಣಿನ ಡಾಕ್ಟರಾಗುವ ಆಸೆ ಯಾವತ್ತೂ ಇರಲಿಲ್ಲ. ಎಂಬಿಬಿಎಸ್ ಮುಗಿಸಿ ಸಿಂದಗಿಯಲ್ಲೋ ಇಂಡಿಯಲ್ಲೋ ಜ್ವರ, ಕೆಮ್ಮು ನೋಡಿಕೊಂಡು, ಜನ್ಮದಲ್ಲಿ ಮತ್ತೊಂದು ಪರೀಕ್ಷೆ ಬರೆಯದೆ ಇರಬೇಕೆಂದಿದ್ದೆ. ಅದನ್ನು ಯಾರ ಮುಂದೆ ಹೇಳಲಿ?

ಮೂರನೇ ವರ್ಷ ಕಣ್ಣಿನ ವಾರ್ಡಿನಲ್ಲಿ ನನ್ನ ಪಾಳಿ ಬಂತು. ನಿನ್ನ ಕಾಲೇಜಾದರೆ ಬರುತ್ತೇನೆ ಎಂದು ಆಯಿ ಒಪ್ಪಿದಳು. ನಮ್ಮ ಸರ್ ಆಪರೇಷನ್ ಮಾಡುವಾಗ ಪಕ್ಕದಲ್ಲಿ ನಿಲ್ಲಲು ನನಗೆ ಅಪ್ಪಣೆ ಕೊಟ್ಟರು. ಮುಖದ ಮೇಲೆ ಬಟ್ಟೆ ಹೊದಿಸಿದ್ದೇ ಆಯಿ ತಲೆ ಅಲುಗಿಸತೊಡಗಿದಳು.

"ಎಲ್ಲಿ ಅದಾಳ ನನ್ನ ಹುಡುಗಿ?"

"ಅಲುಗಾಡಬ್ಯಾಡ್ರಿ ಆಯಿ, ನಿಮ್ಮ ಮೊಮ್ಮಗಳ ಮಾಡಾಕತ್ತಾಳ," ಎಂದರು ಸರ್.

ಆಯಿ ತಣ್ಣಗಾದಳು. ಅವಳ ಕೈ ಹಿಡಿಯಲು ಚಾಚಿದ್ದ ನನ್ನ ಕೈಯನ್ನು ನಾನು ಹಿಂದಕ್ಕೆಳೆದುಕೊಂಡೆ. ಹಿಡಿದಿದ್ದರೆ ಕತ್ತರಿಸುತ್ತಿರುವವಳು ನಾನಲ್ಲ ಎಂದು ಗೊತ್ತಾಗಿಬಿಡುತ್ತಿತ್ತು.

ಮರುದಿನ ಪಟ್ಟಿ ಬಿಚ್ಚಿದಾಗ ನನ್ನನ್ನೇ ನೋಡಿದಳು. "ಎಷ್ಟು ಸೊರಗೀಯಲ್ಲವ್ವ," ಎಂದಳು. ನಿಜ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಪಕ್ಕದ ಹಾಸಿಗೆಯವಳಿಗೆ ನನ್ನ ಕೈಗುಣ ವರ್ಣಿಸುತ್ತಿದ್ದಳು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಕಟ್ಟೆಯ ಮೇಲೆ ತಾಳಿಕೋಟೆಯ ಸಣ್ಣಾಯಿ ಕೂತಿದ್ದಳು, ಆಯಿಯ ತಂಗಿ. ಅವಳ ಕಣ್ಣಗುಡ್ಡೆಯೂ ಬೆಳ್ಳಗಾಗಿತ್ತು.

"ಅಕ್ಕ ಎಲ್ಲಾ ಹೇಳ್ಯಾಳ. ಕಣ್ಣಿನ ಕ್ಯಾಂಪಿನವರು ಕರಿಯಾಕ ಬಂದಿದ್ರು, ಒಲ್ಲೆ ಅಂದು ಕಳಿಸೇನಿ."

"ಸಣ್ಣಾಯಿ, ಅದು ನಾ ಮಾಡಿದ್ದಲ್ಲ. ಮಾಡಿದವರು ನಮ್ಮ ಸರ್. ನಾ ಇನ್ನೂ ಕಲಿಯಾಕತ್ತೇನಿ."

"ಆಕಿಗೆ ದೊಡ್ಡಸ್ತಿಕೆ ಇಲ್ಲ, ಹಂಗ ಹೇಳ್ತಾಳ," ಒಳಗಿನಿಂದ ಆಯಿಯ ದನಿ ಬಂತು. ಅವಳು ಜೋಳ ಆರಿಸುತ್ತ ಕೂತಿದ್ದಳು.

ಸಣ್ಣಾಯಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಕಲಿಯೋದು ಇನ್ನೂ ಎಷ್ಟು ವರ್ಷ ಐತಿ?"

"ಆರು," ಎಂದೆ. ಕೇಳಿಯಾದರೂ ಹೆದರಲಿ ಎಂದುಕೊಂಡೆ.

"ಆಗ್ಲಿ," ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾಯ್ತೇನಿ."