ವಾಸನೆ ನಿಂತ ಮೇಲೆ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅವನು ಇದ್ದಿಲು ಭಟ್ಟಿಯ ಪರೀಕ್ಷೆ ನಲ್ಲಿಯ ಮುಂದೆ ಬಗ್ಗಿ, ಅಂಗೈಯನ್ನು ಬಟ್ಟಲು ಮಾಡಿ ಹೊಗೆಯನ್ನು ಮೂಗಿನತ್ತ ತಳ್ಳಿಕೊಳ್ಳುತ್ತಿದ್ದ. ಏನೂ ವಾಸನೆ ಬರಲಿಲ್ಲ.

"ಆಯ್ತು, ಒಲೆಯಿಂದ ಬೆಂಕಿ ಹೊರಗೆ ಎಳೀರಿ" ಎಂದ.

ಇಡೀ ಕಾರ್ಖಾನೆ ಅವನನ್ನು ಮೂಗಿನ ದೊರೆ ಎಂದು ಕರೆಯುತ್ತಿತ್ತು. ಗಾಳಿ ತಾಗದಂತೆ ಕಬ್ಬಿಣದ ಪಾತ್ರೆಯಲ್ಲಿ ಮುಚ್ಚಿ ಕಾಯಿಸಿದರೆ ಕಟ್ಟಿಗೆ ಉರಿಯುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಮೊದಲು ನೀರು ಹೋಗುತ್ತದೆ. ಆಗ ಒದ್ದೆ ಗೋಣಿಯ ವಾಸನೆ. ನಾರುಗಳ ನಡುವಿನ ದುರ್ಬಲ ಅಂಟು ಒಡೆದಾಗ ಮೂಗು ಸುರ್ರೆನ್ನುವ ಹುಳಿ. ನಾರೇ ಮುರಿಯುವಾಗ ಸೀದ ಸಕ್ಕರೆ. ಮರಕ್ಕೆ ಗಟ್ಟಿತನ ಕೊಡುವ ಭಾಗ ಮಾತ್ರ ಹಟಮಾರಿ. ಟಾರಿನ ವಾಸನೆ ಬಿಡುತ್ತ ಕೊನೆಯವರೆಗೂ ಜಗ್ಗಾಡುತ್ತದೆ. ಅದೂ ಮುಗಿದ ಮೇಲೆ ಬರುವ ಅನಿಲಕ್ಕೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಮುಂಜಾವಿನ ಥಂಡಿಗೆ ಎಲ್ಲ ಹೊಗೆಯೂ ಬಿಳಿಯಾಗಿ ಕಾಣುವುದರಿಂದ ಕಣ್ಣನ್ನು ನಂಬುವಂತಿಲ್ಲ. ಅಪ್ಪ ಅವನಿಗೆ ಕಲಿಸಿದ್ದು ಒಂದೇ ಮಾತು: ವಾಸನೆ ನಿಂತಾಗ ಬೆಂಕಿ ನಿಲ್ಲಿಸು.

ಮರುದಿನ ತಣಿದ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಕಂದು ಕೊರಡುಗಳು.

"ಏನ್ ದೊರೆ, ಇದ್ದಿಲು ಅಂದ್ರಿ. ಸೌದೆ ಬಿಸಿಲು ಕಾಯಿಸ್ಕೊಂಡು ಎದ್ದು ಬಂದ ಹಾಗಿದೆ!" ಎಂದು ಸೌದೆ ತುಂಬುವವನು ನಕ್ಕ.

"ಹಸಿ ಇತ್ತು ಕಣೋ. ನಿನ್ನ ಹಲ್ಲು ಒಳಗಿಟ್ಕೋ."

ಅವನು ಹಾಗೆಂದೇ ನಂಬಿದ್ದ. ಹಿಂದಿನ ತಿಂಗಳು ಒಂದು ವಾರ ಜ್ವರ ಬಂದು ಹೋಗಿತ್ತು, ಅಷ್ಟೇ. ಆ ಸಂಜೆ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಕೂತು ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದಾಗ ಹೆಂಡತಿ ಹೊರಗಿನಿಂದ ಓಡಿ ಬಂದಳು. ಅವಳೂ ಅದೇ ಕಾರ್ಖಾನೆಯಲ್ಲಿ ಚೀಲ ಹೊಲಿಯುವವಳು.

"ಏನ್ರೀ, ಹಾಲು ಸೀದು ಬೀದಿಯೆಲ್ಲ ನಾರ್ತಾ ಇದೆ, ಕಲ್ಲಿನ ಹಾಗೆ ಕೂತಿದ್ದೀರಲ್ಲ!"

"ಸೀದಿದೆಯಾ?"

ಅವಳು ಅವನ ಮುಖವನ್ನೇ ನೋಡಿದಳು. ಹೆಚ್ಚಿದ ಈರುಳ್ಳಿಯನ್ನು ಮೂಗಿಗೆ ಹಿಡಿದಳು. ಸೀಮೆಎಣ್ಣೆಯ ಬಟ್ಟೆ ಹಿಡಿದಳು. ಅವನು ಎರಡಕ್ಕೂ ಇಲ್ಲವೆಂದು ತಲೆಯಾಡಿಸಿದ. ಕೊನೆಗೆ, ಮದುವೆಯಾದಾಗಿನಿಂದ ತಾನು ಟಾರು ನಾರುತ್ತದೆ ಎಂದು ಬೈಯುತ್ತ ಬಂದಿದ್ದ ಅವನ ಅಂಗಿಯನ್ನೇ ತಂದು ಮೂಗಿಗೊತ್ತಿದಳು.

"ಇದೂ ಇಲ್ವಾ?"

"ಇಲ್ಲ ಕಣೇ."

ಜ್ವರ ನರವನ್ನು ಕೆಡಿಸಿದೆ, ಮರಳಿ ಬರುವುದು ಅನುಮಾನ ಎಂದರು ಡಾಕ್ಟರು. ಅವನು ಯಾರಿಗೂ ಹೇಳದೆ ಅಂದಾಜಿನ ಮೇಲೆ ಇನ್ನೊಂದು ಭಟ್ಟಿ ಹಾಕಿದ. ಅದೂ ಕಂದಾಗಿಯೇ ಉಳಿಯಿತು. ಆಗ ಹೇಳಲೇಬೇಕಾಯಿತು.

ಮಾಲೀಕ ಕೆಟ್ಟವನಲ್ಲ. "ನೆಗಡಿ ಬಂತೂಂತ ಮೂಗು ಕೊಯ್ಕೋತಾರಾ? ನಿನ್ನನ್ನ ಬೈಯಲ್ಲ. ಆದ್ರೆ ಮೂರನೇದೂ ಹೀಗೇ ಆದ್ರೆ ಭಟ್ಟಿ ಗುಜರಿಗೆ ಹೋಗುತ್ತೆ, ನಾವೆಲ್ಲ ಮನೆಗೆ" ಎಂದ. ಪಾತ್ರೆಗೆ ಒಂದು ಶಾಖಮಾಪಕ ಕೂರಿಸಿದ. "ಯಾವ ಅಂಕಿಗೆ ನಿಲ್ಲಿಸ್ಬೇಕು ಅಂತ ಒಂದು ಸಲ ಹೇಳ್ಬಿಡು. ಆಮೇಲೆ ಯಾರು ಬೇಕಾದ್ರೂ ನೋಡ್ಕೋತಾರೆ."

ಅವನಿಗೆ ಅಂಕಿ ಗೊತ್ತಿರಲಿಲ್ಲ. ಹೆಂಡತಿ ತಾನೇ ಮೂಗಾಗುತ್ತೇನೆಂದು ಬಂದಳು. ಅವಳು ನಲ್ಲಿಯ ಬಳಿ, ಅವನು ಮಾಪಕದ ಬಳಿ. ಮಾಲೀಕ ಅಂಕಿ ಬರೆಯಲು ಸೀಮೆಸುಣ್ಣದ ಕಡ್ಡಿ ಹಿಡಿದು ಗೋಡೆಯ ಹತ್ತಿರ ನಿಂತ.

"ಹುಳಿ" ಎಂದಳು, ಕೆಮ್ಮಿದಳು. ಬಹಳ ಹೊತ್ತಿನ ಮೇಲೆ, "ಸಕ್ಕರೆ ಸೀದ ಹಾಗೆ."

"ಇನ್ನೂ ಇದೆ, ತಾಳು. ಟಾರು ಬರಲಿ."

ಟಾರು ಬಂತು, ತೆಳುವಾಯಿತು. ಅವಳು ಕಣ್ಣೊರೆಸಿಕೊಂಡು ಅವನ ಪಕ್ಕಕ್ಕೆ ಬಂದಳು. ದನಿ ತಗ್ಗಿಸಿ, "ರೀ, ಅಂಕಿ ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ. ಅಂಕಿಗೆ ಸಿಗಲ್ಲ ಇದು, ಮೂಗೇ ಬೇಕು ಅಂದ್ಬಿಡ್ಲಾ? ದಿನಾ ನಾನೇ ಬಂದು ನಿಲ್ತೀನಿ" ಎಂದಳು.

"ಈ ಹೊಗೇಲಿ ಎಷ್ಟು ದಿನ ನಿಲ್ತೀಯೆ? ಅದಿರ್ಲಿ. ಈಗ ವಾಸನೆ ಇದೆಯಾ?"

ಅವಳು ಹಿಂದಿರುಗಿ ಹೋಗಿ ಮೂಸಿದಳು. ಒಮ್ಮೆಯಲ್ಲ, ಮೂರು ಸಲ.

"ಇಲ್ಲ."

ಅವನು ಮಾಪಕದ ಮುಳ್ಳಿನ ಕಡೆ ನೋಡಿದ. ಆಮೇಲೆ ಗೋಡೆಯ ಹತ್ತಿರ ನಿಂತವನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ: "ನಾನೂರ ಅರವತ್ತು."